ಜೀವ ಉಳಿಸಿದ ಹೆಲ್ಮೆಟ್ಟು

ಆಯುಧಪೂಜೆಯ ದಿನ ಸೇತುರಾಮ ತನ್ನ ಹಳೆಯ ಹೆಲ್ಮೆಟ್ಟಿಗೆ ಸತತ ಮೂರನೆಯ ವರ್ಷ ಕುಂಕುಮ ಇಟ್ಟಾಗ, ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ವಾರಿಜಾಳಿಗೆ ಆ ತಟ್ಟೆಯನ್ನು ಅಲ್ಲೇ ಗೇಟಿನ ಮೇಲೆ ಬೀಸಿ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. ಕರ್ಪೂರ ಆರದಂತೆ ಅಂಗೈ ಅಡ್ಡ ಹಿಡಿದಳು.

ಯಡಿಯೂರು ಕೆರೆಯ ಹಿಂಬದಿಯ ಅಡ್ಡರಸ್ತೆಯಲ್ಲಿ ಅವರ ಮನೆ. ಬೆಳಿಗ್ಗೆಯಿಂದ ರಸ್ತೆಗೆ ರಸ್ತೆಯೇ ಗಾಡಿ ತೊಳೆದ ನೀರಿನಲ್ಲಿ ಒದ್ದೆಯಾಗಿತ್ತು. ಸೇತುರಾಮ ಬೈಕು, ಸ್ಕೂಟರು ಎರಡಕ್ಕೂ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದ. ಗೇಟಿನೆದುರು ಬೂದುಗುಂಬಳ ಒಡೆದಾಗಿತ್ತು. ಎಲ್ಲ ಮುಗಿದ ಮೇಲೆ, ನಡುಮನೆಯ ಶೋಕೇಸಿನ ನೆತ್ತಿಯ ಮೇಲೆ ವರ್ಷವಿಡೀ ಕೂತಿರುವ ಆ ಕೆಂಪು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ತಂದ, ಉತ್ಸವಮೂರ್ತಿಯನ್ನು ತರುವ ಹಾಗೆ.

"ಪುಟ್ಟೀ, ಬಾ ಇಲ್ಲಿ," ಅಂತ ಮಗಳನ್ನು ಕರೆದ. "ಸೋಮವಾರದಿಂದ ಇದು ನಿಂದು. ನನ್ನ ಜೀವ ಉಳಿಸಿದ ಹೆಲ್ಮೆಟ್ಟು. ಇನ್ಮೇಲೆ ನಿನ್ನ ಕಾಯತ್ತೆ."

ಪ್ರಕೃತಿಗೆ ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಸ್ಕೂಟರಿನಲ್ಲಿ ಹೋಗಿ ಬರುವುದೆಂದು ಮಾತಾಗಿತ್ತು. ಅವಳು ನಗುತ್ತ ತಲೆ ಬಗ್ಗಿಸಿದಳು. ಸೇತುರಾಮ ಹೆಲ್ಮೆಟ್ಟು ತೊಡಿಸಿದ. ಅದು ಸರ್ರನೆ ಇಳಿದು ಹುಬ್ಬು ದಾಟಿ ಕಣ್ಣಿನ ಮೇಲೆ ಕೂತಿತು.

ಮಹಡಿಯ ಬಾಡಿಗೆದಾರ ಶ್ರೀಕರ್ ಮೆಟ್ಟಿಲಿಳಿದು ಬರುತ್ತಿದ್ದವನು ನಿಂತ. ಅವನು ಆ ಮನೆಗೆ ಬಂದು ಮೂರು ತಿಂಗಳಾಗಿತ್ತಷ್ಟೆ. "ಜೀವ ಉಳಿಸಿದ್ದಾ? ಅದೇನ್ ಅಂಕಲ್ ಕಥೆ?" ಅಂದ.

ಕೇಳಬಾರದಿತ್ತು. ಸೇತುರಾಮನಿಗೆ ಅಷ್ಟು ಸಾಕು.

"ಅಯ್ಯೋ, ಅದೇನ್ ಕೇಳ್ತೀರ! ಸಾರಕ್ಕಿ ಸಿಗ್ನಲ್ ಹತ್ರ. ನಾನು ಮೆತ್ತಗೆ ನಲವತ್ತರಲ್ಲಿ ಬರ್ತಿದ್ದೀನಿ. ಎರಡು ನಾಯಿ, ಇಷ್ಟಿಷ್ಟೆತ್ತರ, ಒಂದನ್ನೊಂದು ಅಟ್ಟಿಸ್ಕೊಂಡು ಅಡ್ಡ ಬಂದ್ಬಿಡ್ತು. ಬ್ರೇಕ್ ಹಾಕ್ದೆ ನೋಡಿ, ಗಾಡಿ ಒಂದ್ಕಡೆ, ನಾನ್ ಒಂದ್ಕಡೆ. ತಲೆ ಹೋಗಿ ಡಿವೈಡರ್‌ಗೆ ಠಣ್ ಅಂತು. ಎದ್ದು ನಿಂತ್ರೆ ಒಂದು ತರಚು ಗಾಯ ಇಲ್ಲ! ಡಾಕ್ಟ್ರೇ ಕೈ ಮುಗಿದ್ರು."

"ಸಖತ್ ಲಕ್ಕಿ ಅಂಕಲ್ ನೀವು," ಅಂದ ಶ್ರೀಕರ್.

ಮೊದಲ ವರ್ಷ ಕಥೆಯಲ್ಲಿ ಒಂದೇ ನಾಯಿ ಇತ್ತು. ಸಣ್ಣ ನಾಯಿ. ವಾರಿಜಾ ಆರತಿ ತಟ್ಟೆಯನ್ನು ಸ್ಕೂಟರಿನ ಸೀಟಿನ ಮೇಲೆ ಟಪ್ಪೆಂದು ಇಟ್ಟಳು. ಯಾರೂ ಅವಳ ಕಡೆ ತಿರುಗಲಿಲ್ಲ.

"ಅಪ್ಪಾ, ಇದು ಲೂಸು," ಅಂದಳು ಪ್ರಕೃತಿ ಹೆಲ್ಮೆಟ್ಟಿನೊಳಗಿಂದ.

"ಒಳಗೊಂದು ಸ್ಕಾರ್ಫ್ ಕಟ್ಕೋ. ಎಲ್ಲಾ ಹುಡುಗೀರೂ ಕಟ್ಕೊಳಲ್ವಾ?"

"ಸರಿ ಬಿಡಪ್ಪಾ. ಅಡ್ಜಸ್ಟ್ ಮಾಡ್ಕೋತೀನಿ."

ಆ ಮಾತು ಬಂದು ವಾರಿಜಾಳ ಎದೆಗೆ ನಾಟಿತು. ಇಪ್ಪತ್ತಾರು ವರ್ಷಗಳಿಂದ ಅವಳ ಬಾಯಲ್ಲಿ ಸವೆದಿದ್ದ ಮಾತು ಅದು. ಈಗ ಮಗಳ ಬಾಯಲ್ಲಿ ಹೊಸದರಂತೆ ಹೊಳೆಯುತ್ತಿತ್ತು.

*

ನಾಯಿ ಇರಲಿಲ್ಲ. ಒಂದೂ ಇರಲಿಲ್ಲ.

ವಾರಿಜಾಳಿಗೆ ಅದು ಗೊತ್ತಿತ್ತು, ಯಾಕೆಂದರೆ ಆ ದಿನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತಿದ್ದವಳು ಅವಳೇ. ಪುಟ್ಟೇನಹಳ್ಳಿಯಲ್ಲಿ ಗೃಹಪ್ರವೇಶದ ಊಟ ಮುಗಿಸಿ ಇಬ್ಬರೂ ಬರುತ್ತಿದ್ದರು. ಸೇತುರಾಮನಿಗೆ ಆಫೀಸಿನಿಂದ ಫೋನು ಬಂತು. ಅವನು ಯಾವತ್ತಿನಂತೆ ಮೊಬೈಲನ್ನು ಹೆಲ್ಮೆಟ್ಟಿನೊಳಗೆ ಕಿವಿಯ ಪಕ್ಕಕ್ಕೆ ತುರುಕಿಕೊಂಡು ಮಾತಾಡತೊಡಗಿದ. "ನಿಲ್ಸಿ ಮಾತಾಡ್ರೀ," ಅಂದಿದ್ದಳು. ಎರಡು ಸಲ ಅಂದಿದ್ದಳು. ಮೊಬೈಲು ಜಾರಿತು, ಅವನು ಎಡಗೈಯಲ್ಲಿ ಅದನ್ನು ಒಳಗೆ ಒತ್ತಿದ, ಮುಂದೆ ಸಿಲಿಂಡರಿನ ಗಾಡಿ ನಿಂತಿತು. ಅಷ್ಟೆ.

ಅವನ ತಲೆ ಡಿವೈಡರಿಗೆ ಬಡಿದದ್ದು ನಿಜ. ತರಚು ಗಾಯವಿಲ್ಲದೆ ಎದ್ದದ್ದೂ ನಿಜ. ವಾರಿಜಾಳ ತಲೆಯ ಮೇಲಿದ್ದದ್ದು ಅರ್ಧ ತೆಂಗಿನಚಿಪ್ಪಿನಂಥ ಒಂದು ಟೋಪಿ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅಂತ ಆದಾಗ ಸೇತುರಾಮ ಬನಶಂಕರಿಯ ಫುಟ್‌ಪಾತಿನಿಂದ ತಂದದ್ದು. ಅದರ ಕೊಂಡಿ ಮುರಿದು ವರ್ಷವಾಗಿತ್ತು, ಅವಳು ದಾರವನ್ನು ಗಂಟು ಹಾಕಿಕೊಳ್ಳುತ್ತಿದ್ದಳು. ಅವಳಿಗಿಂತ ಮೊದಲು ಅದು ಹಾರಿಹೋಗಿತ್ತು. ಕಿವಿಯ ಹಿಂದೆ ಹನ್ನೊಂದು ಹೊಲಿಗೆ ಬಿದ್ದವು. ಎಡಗಿವಿಯಲ್ಲಿ ಅವತ್ತು ಶುರುವಾದ ಗುಂಯ್ ಸದ್ದು ಇವತ್ತಿಗೂ ನಿಂತಿಲ್ಲ. ಎಡಮಗ್ಗುಲಿಗೆ ಹೊರಳಿದರೆ ಸೂರು ಗಿರ್ರನೆ ತಿರುಗುತ್ತದೆ. ಜಯನಗರದ ಶಾಲೆಯೊಂದರ ಲೈಬ್ರರಿಯಲ್ಲಿ ಅವಳಿಗೆ ಕೆಲಸ. ಅಲ್ಲಿ ಮಕ್ಕಳು ಪುಸ್ತಕ ಕೇಳಲು ಬಂದರೆ ಬಲಗಿವಿ ಮುಂದೆ ಮಾಡಿ ನಿಲ್ಲುತ್ತಾಳೆ. ಮಕ್ಕಳು ಹಿಂದಿನಿಂದ ಆಡಿಕೊಳ್ಳುವುದು ಅವಳಿಗೆ ಗೊತ್ತು.

ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ, ಅವಳ ಸೆರಗು ರಕ್ತದಲ್ಲಿ ನೆನೆದು ಭುಜಕ್ಕೆ ಅಂಟಿಕೊಂಡಿದ್ದಾಗ, ಸೇತುರಾಮ ಕಿವಿಯಲ್ಲಿ ಹೇಳಿದ್ದ: "ವಾರಿಜಾ, ಬಾತ್‌ರೂಮಲ್ಲಿ ಜಾರಿ ಬಿದ್ದೆ ಅನ್ನು. ರೋಡಲ್ಲಿ ಅಂದ್ರೆ ಪೊಲೀಸ್ ಕೇಸಾಗತ್ತೆ. ಸುಮ್ನೆ ಸ್ಟೇಷನ್ನಿಗೆ ಅಲೆದಾಟ." ಅವಳು ಹಾಗೇ ಅಂದಳು. ಚೀಟಿಯಲ್ಲಿ ಹಾಗೇ ಬರೆದರು. ಆಗ ಮೈಸೂರಿನ ಹಾಸ್ಟೆಲ್‌ನಲ್ಲಿದ್ದ ಪ್ರಕೃತಿ ಫೋನು ಮಾಡಿದಾಗ, "ಅವಳಿಗೆ ಎಕ್ಸಾಮು, ಗಾಬರಿ ಮಾಡ್ಬೇಡ," ಅಂದ. ಅವಳಿಗೂ ಬಾತ್‌ರೂಮೇ ಆಯಿತು. ಸೇತುರಾಮನ ಅಕ್ಕ ಮಧುಮತಿ ಕೇಳಿದಾಗ, "ಅಕ್ಕ ಊರ್ತುಂಬ ಹೇಳ್ಕೊಂಡು ಬರ್ತಾಳೆ," ಅಂದ. ಅವಳಿಗೂ ಬಾತ್‌ರೂಮು. ಒಂದು ವಾರ ಕಳೆಯುವುದರೊಳಗೆ ಸುಳ್ಳು ಕಾಲು ಚಾಚಿ ಮನೆಯಲ್ಲಿ ಮಲಗಿಬಿಟ್ಟಿತು. ಒಂದೇ ವಾರದಲ್ಲಿ ಗಂಡ ಗಾಡಿಯಿಂದ ಬಿದ್ದ, ಹೆಂಡತಿ ಬಾತ್‌ರೂಮಿನಲ್ಲಿ ಬಿದ್ದಳು, ಏನೋ ಗ್ರಹಚಾರ. ಗಂಡನ ಕಥೆಗೆ ನಾಯಿ ಬಂತು, ಹೆಲ್ಮೆಟ್ಟು ಬಂತು, ಕುಂಕುಮ ಬಂತು. ಹೆಂಡತಿಯ ಕಥೆಗೆ ಬಂದದ್ದು ಒಂದು ರಬ್ಬರ್ ಮ್ಯಾಟು. ಪ್ರಕೃತಿ ತನ್ನ ಮೊದಲ ಸ್ಟೈಪೆಂಡಿನಲ್ಲಿ ಅಮ್ಮನಿಗಾಗಿ ಅದನ್ನು ತಂದು ಬಚ್ಚಲಿಗೆ ಹಾಸಿದ್ದಳು. ಪ್ರತಿದಿನ ಸ್ನಾನಕ್ಕೆ ಹೋಗಿ ಆ ಮ್ಯಾಟಿನ ಮೇಲೆ ನಿಂತಾಗ ವಾರಿಜಾಳ ಅಂಗಾಲು ಉರಿಯುತ್ತಿತ್ತು.

ಸೇತುರಾಮ ಹೆಲ್ಮೆಟ್ಟನ್ನು ಹೊಸಕೆರೆಹಳ್ಳಿಯ ಟಿಂಕರಿಂಗ್ ಅಂಗಡಿಗೆ ಕೊಟ್ಟು, ಉಜ್ಜಿಸಿ, ಕಾರಿನ ಬಣ್ಣ ಹೊಡೆಸಿ, ಹೊಸ ಗಾಜು ಹಾಕಿಸಿ ತಂದಿದ್ದ. ತನಗೆ ಹೊಸ ಹೆಲ್ಮೆಟ್ಟು ಕೊಂಡುಕೊಂಡ. ಆ ಮನೆಯಲ್ಲಿ ವಸ್ತುಗಳು ಹಾಗೇ ಇಳಿದುಬರುತ್ತಿದ್ದವು. ಹೊಸ ಮೊಬೈಲು ಅವನಿಗೆ, ಹಳೆಯದು ಇವಳಿಗೆ. ಹೊಸ ಬ್ಯಾಗು ಅವನಿಗೆ, ಜಿಪ್ಪು ಕಿತ್ತದ್ದು ಇವಳಿಗೆ. ಹೆಲ್ಮೆಟ್ಟೊಂದು ಮಾತ್ರ ಇವಳಿಗೆ ಬರದೆ ನಡುವೆ ದೇವರಾಗಿ ಮೂರು ವರ್ಷ ಕೂತು, ಈಗ ನೇರ ಮಗಳ ತಲೆಗೆ ಇಳಿಯಿತು.

*

ವಾರಿಜಾ ಮೊದಲು ಯೋಚಿಸಿದ್ದೂ ಹೊಂದಿಸುವುದನ್ನೇ. ಅದು ಆಮೇಲೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದ ವಿಷಯ. ಒಳಗೆ ದಪ್ಪ ಬಟ್ಟೆ ಹಾಕಿಸಿದರೆ ಮಗಳ ತಲೆಗೆ ಸರಿಯಾದೀತು ಅಂತ ಶನಿವಾರ ಮಧ್ಯಾಹ್ನ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಆಟೋ ಹತ್ತಿದಳು.

"ಏನ್ ಮೇಡಂ, ನನ್ ಆಟೋ ಹತ್ತಕ್ಕೂ ಹೆಲ್ಮೆಟ್ಟಾ?" ಅಂದ ಆಟೋದವನು. "ಅಷ್ಟು ಕೆಟ್ಟದಾಗಿ ಓಡ್ಸಲ್ಲ ನಾನು."

ಅವಳಿಗೆ ನಗು ಬಂತು. ಆ ದಿನದ ಕೊನೆಯ ನಗು ಅದು.

ಬಿಟಿಎಂ ಎರಡನೇ ಹಂತದಲ್ಲಿ, ಪ್ರಕೃತಿಯ ಆಫೀಸಿನ ಹಿಂದಿನ ರಸ್ತೆಯಲ್ಲಿ ಒಂದು ಹೆಲ್ಮೆಟ್ ಅಂಗಡಿ. ಅಂಗಡಿಯ ಮೌನೇಶ ಕೊಪ್ಪಳದ ಕಡೆಯವನು, ಮೂವತ್ತೈದರ ಆಸುಪಾಸು. ಗೋಡೆಯುದ್ದಕ್ಕೂ ಹೆಲ್ಮೆಟ್ಟುಗಳು ಸಾಲಾಗಿ ಮುಖ ಮಾಡಿ ಕೂತಿದ್ದವು.

"ಒಳಗಿನ ಬಟ್ಟೆ ಬದಲಾಯಿಸ್ಬೇಕಿತ್ತು. ಸ್ವಲ್ಪ ದಪ್ಪ ಹಾಕಿ," ಅಂದಳು ವಾರಿಜಾ.

ಮೌನೇಶ ಹೆಲ್ಮೆಟ್ಟು ಕೈಗೆ ತೆಗೆದುಕೊಂಡ. ಕುಂಕುಮ ನೋಡಿದ. ತಿರುಗಿಸಿದ. ಬೆರಳ ಗೆಣ್ಣಿನಿಂದ ಒಂದು ಕಡೆ ಕುಟ್ಟಿದ, ಇನ್ನೊಂದು ಕಡೆ ಕುಟ್ಟಿದ. ಸದ್ದು ಬೇರೆಬೇರೆ ಬಂತು.

"ಅಕ್ಕಾರ, ಇದು ಬಿದ್ದಿತ್ತೇನ್ರಿ?"

"ಹೂಂ. ಮೂರು ವರ್ಷದ ಹಿಂದೆ."

"ಬಣ್ಣ ಯಾರು ಹೊಡಿಸ್ಯಾರ್ರಿ?"

"ನಮ್ಮೆಜಮಾನ್ರು."

"ಚಲೋ ಮಾಡ್ಯಾರ. ಹುಣ್ಣಿನ ಮ್ಯಾಲ ಪೌಡರ್ ಹಚ್ಚಿದಂಗ."

ಅವನು ಒಳಗಿನ ಬಟ್ಟೆಯ ಗುಂಡಿಗಳನ್ನು ಟಕಟಕ ಬಿಡಿಸಿ, ಇಡೀ ಒಳಪದರವನ್ನು ಕಳಚಿ ಕೌಂಟರಿನ ಮೇಲಿಟ್ಟ. ಕೆಳಗೆ ಬರಿಯ ಥರ್ಮಾಕೋಲ್ ಕಾಣಿಸಿತು. ಮೊಬೈಲಿನ ಟಾರ್ಚು ಹಾಕಿ ಹಿಡಿದ.

"ಇಲ್ಲಿ ನೋಡ್ರಿ. ಬೆಳ್ಳಗ ಉಬ್ಬಿದಂಗ ಐತಲ್ಲ, ಅದು ಜೀವಂತ ಇರೂದು. ನೀವಽ ಒತ್ತಿ ನೋಡ್ರಿ."

ವಾರಿಜಾ ಹೆಬ್ಬೆರಳಿನಿಂದ ಒತ್ತಿದಳು. ಸ್ವಲ್ಪ ತಗ್ಗಿ ಮತ್ತೆ ಮೇಲೆದ್ದಿತು.

"ಈಗ ಇಲ್ಲಿ."

ಅಲ್ಲಿ, ಹಣೆಯ ಬಲಕ್ಕೆ, ಅಂಗೈಯಗಲದ ಜಾಗ ಚಪ್ಪಟೆಯಾಗಿ, ಹಳದಿಗಟ್ಟಿ, ಹೊಳೆಯುತ್ತಿತ್ತು. ಒತ್ತಿದರೆ ಕಲ್ಲು. ಅಲ್ಲಿಂದ ಒಂದು ಸೀಳು ಹೊರಟು ಕಿವಿಯವರೆಗೂ ಇಳಿದಿತ್ತು. ಅವಳ ಉಗುರು ಅದರೊಳಗೆ ಸರಾಗವಾಗಿ ಹೋಯಿತು.

"ಹೊರಗಿಂದೇನೂ ಕಾಣ್ಸಲ್ವಲ್ಲ," ಅಂದಳು.

"ಹೊರಗ ಕಾಣಬಾರದು ಅಂತ ಬಣ್ಣ ಹೊಡಿಸ್ಯಾರಲ್ರಿ. ಈ ಥರ್ಮಾಕೋಲ್ ಐತಲ್ಲ, ಅದು ತಾನು ಜಜ್ಜಿಕೊಂಡು ತಲಿ ಉಳಸ್ತೈತಿ. ಒಮ್ಮೆ ಅಷ್ಟಽ. ಎರಡನೇ ಸಲ ಜಜ್ಜಿಕೊಳ್ಳಾಕ ಅದರಾಗ ಏನೂ ಉಳಿದಿರಂಗಿಲ್ಲ. ಆಮ್ಯಾಲೆ ತಲಿನಽ ಜಜ್ಜಬೇಕು." ಅವನು ಒಳಗಡೆ ಹಿಂಭಾಗಕ್ಕೆ ಅಂಟಿದ್ದ, ತಯಾರಾದ ವರ್ಷದ ಚೀಟಿ ಉಜ್ಜಿ ನೋಡಿದ. "ಇದು ಹನ್ನೆರಡು ವರ್ಷದ್ದು ಬ್ಯಾರೆ. ಬೀಳದಿದ್ರೂ ಐದು ವರ್ಷಕ್ಕ ಬದಲಿ ಮಾಡಬೇಕ್ರಿ. ಬಿಸಿಲು, ಬೆವರು, ತಲಿಗೆ ಹಚ್ಚೂ ಎಣ್ಣಿ, ಎಲ್ಲಾ ತಿಂತಾವು. ಮ್ಯಾಲೆ ಥಿನ್ನರ್ ಹಾಕಿದ ಬಣ್ಣ. ಅದೂ ತಿಂತೈತಿ."

"ಮನೇಲಿ ಇದು ಜೀವ ಉಳಿಸಿದ್ದು ಅಂತ ಪೂಜೆ ಮಾಡ್ತಾರೆ."

"ಮಾಡ್ರಿ, ಅದಕ್ಕೇನಾತು. ಶೋಕೇಸ್‌ನಾಗ ಇಡ್ರಿ, ಹೂವು ಏರಸ್ರಿ. ತಲಿ ಮ್ಯಾಲ ಇಡಬ್ಯಾಡ್ರಿ."

ವಾರಿಜಾ ಬೆರಳನ್ನು ಆ ಸೀಳಿನಿಂದ ತೆಗೆಯಲಿಲ್ಲ. ಅದರೊಳಗೆ ಇನ್ನೂ ಉಗುರು ಆಡಿಸುತ್ತಿದ್ದಳು. ನಾಡಿದ್ದು ಬೆಳಿಗ್ಗೆ ಮಗಳು ಇದನ್ನು ಹಾಕಿಕೊಂಡು, ಒಳಗೊಂದು ಸ್ಕಾರ್ಫು ಕಟ್ಟಿ, ಅಪ್ಪನಿಗೆ ಟಾಟಾ ಮಾಡಿ, ರಿಂಗ್ ರೋಡಿನ ಲಾರಿಗಳ ನಡುವೆ ನುಗ್ಗುತ್ತಿದ್ದಳು. ಹಾಗೆ ನುಗ್ಗಲು ಅನುಕೂಲವಾಗಲಿ ಅಂತ ಇವಳು ಖುದ್ದಾಗಿ ಬಟ್ಟೆ ಹೊಲಿಸಲು ಬಂದಿದ್ದಳು.

"ಹೊಸದು ಕೊಡಿ. ಈಗ್ಲೇ," ಅಂದಳು.

"ಯಾರಿಗ್ರಿ?"

"ಮಗಳಿಗೆ."

"ಮಗಳು ಎಲ್ಲಿ?"

"ಮನೇಲಿದಾಳೆ."

"ಹಂಗಾರ ಇವತ್ತು ಕೊಡಂಗಿಲ್ರಿ. ತಲಿ ಕರ್ಕೊಂಡು ಬರ್ರಿ. ಅಂದಾಜಿಗೆ ಕೊಟ್ರ ಇದನಽ ತಿರುಗಿ ಕೊಟ್ಟಂಗ ಆಕ್ಕೈತಿ. ನಾಳೆ ಐತವಾರ, ಮಧ್ಯಾಹ್ನದ ತನಕ ಇರ್ತೀನಿ." ಅವನು ಒಳಪದರವನ್ನು ಮತ್ತೆ ಹಾಕಲು ಹೊರಟವನು ಕೇಳಿದ, "ನೀವೂ ಗಾಡಿ ಹೊಡೀತೀರೇನ್ರಿ?"

"ಇಲ್ಲ. ಹಿಂದೆ ಕೂತ್ಕೋತೀನಿ."

"ನಿಮಗೂ ಒಂದು ನೋಡ್ರಿ ಹಂಗಾರ. ಹಿಂದ ಕುಂತೋರು ಮೊದಲ ಹಾರತಾರ. ಅವರಿಗೆ ಹಿಡ್ಕೊಳ್ಳಾಕ ಹ್ಯಾಂಡಲ್ ಇರಂಗಿಲ್ಲ, ಮುಂದೇನು ಬಂತು ಅಂತ ಕಾಣಂಗೂ ಇಲ್ಲ."

ಅವನು ಸಹಜವಾಗಿ ಹೇಳಿದ್ದ, ದಿನಕ್ಕೆ ಹತ್ತು ಜನರಿಗೆ ಹೇಳುವಂತೆ. ವಾರಿಜಾ ಮಾತ್ರ ಕೌಂಟರಿನ ಅಂಚು ಹಿಡಿದುಕೊಂಡಳು. ಮೂರು ವರ್ಷದಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ಹೇಳಲು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗದ ಹಾಗೆ ನೋಡಿಕೊಂಡವಳು ಅವಳೇ.

"ಬಟ್ಟೆ ಹಾಕ್ಬೇಡಿ," ಅಂದಳು. "ಹಾಗೇ ಕೊಡಿ."

*

ಆಟೋ ಹತ್ತಲಿಲ್ಲ. ಬಟ್ಟೆ ಕಳಚಿದ ಹೆಲ್ಮೆಟ್ಟನ್ನು ಕೈಗೆ ನೇತುಹಾಕಿಕೊಂಡು ನಡೆದಳು. ಎದುರಿಗೆ ಬರುವ ಪ್ರತಿಯೊಂದು ಸ್ಕೂಟರನ್ನೂ ನೋಡಿದಳು. ಮುಂದೆ ಗಂಡ, ಮುಖ ಮುಚ್ಚುವ ದೊಡ್ಡ ಹೆಲ್ಮೆಟ್ಟು. ಹಿಂದೆ ಹೆಂಡತಿ, ಬಣ್ಣ ಹೋದದ್ದು, ಗಾಜಿಲ್ಲದ್ದು, ಗಲ್ಲದ ಕೆಳಗೆ ಜೋತಾಡುವ ಬೆಲ್ಟು. ಇನ್ನೊಬ್ಬಳು ತಲೆಗೇ ಹಾಕದೆ ತೋಳಿಗೆ ಸಿಕ್ಕಿಸಿಕೊಂಡಿದ್ದಳು, ಕ್ಯಾಮೆರಾ ಬಂದಾಗ ಹಾಕಿಕೊಳ್ಳಲಿಕ್ಕೆ. ಒಬ್ಬಳನ್ನಾದರೂ ನಿಲ್ಲಿಸಿ ಕಿರುಚಬೇಕು ಅನ್ನಿಸಿತು. ಏನಂತ ಕಿರುಚುವುದು? ನಿನ್ನ ತಲೆಗೆ ಅದು ಸಾಕು ಅಂತ ಯಾರು ಹೇಳಿದ್ದು? ಸರಿ ಅಂತ ನೀನು ಯಾಕೆ ಹೂಂಗುಟ್ಟಿದ್ದು?

ಸೇತುರಾಮನ ಮೇಲಿನ ಸಿಟ್ಟು ಹಳೆಯದು, ಅದಕ್ಕೆ ಅವಳು ಒಗ್ಗಿಹೋಗಿದ್ದಳು. ಇವತ್ತಿನದು ಬೇರೆ. ಅದು ಆ ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ರಕ್ತ ಸುರಿಸುತ್ತ "ಬಾತ್‌ರೂಮಲ್ಲಿ ಜಾರಿದೆ ಡಾಕ್ಟ್ರೇ" ಅಂದ ಆ ಹೆಂಗಸಿನ ಮೇಲೆ. ನೋವಿನಲ್ಲೂ ಅವಳು ಮಾತು ಒಪ್ಪವಾಗಿ ಜೋಡಿಸಿದ್ದಳು. "ಸೋಪಿನ ನೀರಿತ್ತು" ಅಂತ ತಾನೇ ಒಂದು ಸೇರಿಸಿದ್ದಳು. ಆ ಸೋಪಿನ ನೀರನ್ನು ಸೇತುರಾಮ ಹೇಳಿಕೊಟ್ಟಿರಲಿಲ್ಲ.

ಆ ಸುಳ್ಳು ಅವಳೊಬ್ಬಳದೇ ಆಗಿದ್ದರೆ ಹೇಗೋ ಸಾಯಲಿ ಅನ್ನಬಹುದಿತ್ತು. ಈಗ ಅದು ಮಗಳ ತಲೆಯ ಮೇಲೆ ಕೂರಲು ಹೊರಟಿತ್ತು. ಹೆಲ್ಮೆಟ್ಟು ಬದಲಾಯಿಸಬೇಕಾದರೆ ಮೊದಲು ಕಥೆ ಬದಲಾಯಿಸಬೇಕು. ಅದು ಮನೆಯ ಗೇಟು ತಲುಪುವಷ್ಟರಲ್ಲಿ ಅವಳಿಗೆ ನಿಚ್ಚಳವಾಗಿತ್ತು.

ಗೇಟಿನ ಬಳಿ ಮಧುಮತಿಯ ಚಪ್ಪಲಿ ಇತ್ತು.

*

ನಡುಮನೆಯಲ್ಲಿ ಮಧುಮತಿ ಸೋಫಾದ ನಡುವೆ ಕೂತು ಪ್ರಕೃತಿಗೆ ಹೂವು ಮುಡಿಸುತ್ತಿದ್ದಳು. ಅರವತ್ತೆರಡರ ದೊಡ್ಡ ಮೈಯ, ದೊಡ್ಡ ಗಂಟಲಿನ ಹೆಂಗಸು. "ಬಾಮ್ಮಾ ಬಾ, ಎಲ್ಲಿ ಹೋಗಿದ್ದೆ? ಸೊಸೆ ಕೆಲಸಕ್ಕೆ ಸೇರ್ತಾಳೆ ಅಂತ ನಾನು ಎರಡು ಬಸ್ ಹತ್ತಿ ಬಂದ್ರೆ ಮನೆಯೊಡತೀನೇ ನಾಪತ್ತೆ! ನಿನ್ನ ಗಂಡ ಮಾಡಿದ ಕಾಫಿ ಕುಡಿಯೋ ಶಿಕ್ಷೆ ನಂಗೆ."

"ನಾನು ಮಾಡಿದ್ದಕ್ಕೇನಾಗಿದೆ?" ಅಂದ ಸೇತುರಾಮ.

"ಏನೂ ಆಗಿಲ್ಲ ಕಣೋ, ಅದು ಕಾಫಿನೇ ಆಗಿಲ್ಲ."

ಪ್ರಕೃತಿ ನಕ್ಕಳು. ಆಮೇಲೆ ಅಮ್ಮನ ಕೈ ನೋಡಿದಳು. "ಹೆಲ್ಮೆಟ್ ನೀನ್ ತಗೊಂಡ್ ಹೋಗಿದ್ಯಾ? ಅಪ್ಪ ಆಗ್ಲಿಂದ ಹುಡುಕ್ತಾ ಇದಾರೆ. ಅತ್ತೆಗೆ ತೋರ್ಸ್ಬೇಕು ಅಂತ."

"ಒಳಗಿನ ಬಟ್ಟೆ ಎಲ್ಲೇ?" ಅಂದ ಸೇತುರಾಮ.

ವಾರಿಜಾ ಹೆಲ್ಮೆಟ್ಟನ್ನು ಟೀಪಾಯಿಯ ಮೇಲೆ ಬೋರಲಾಗಿ ಅಲ್ಲ, ಬಾಯಿ ಮೇಲೆ ಮಾಡಿ ಇಟ್ಟಳು. ಬಾಳೆಹಣ್ಣಿನ ತಟ್ಟೆಯನ್ನು ಅತ್ತ ಸರಿಸಿದಳು.

"ಪ್ರಕೃತಿ, ಇಲ್ಲಿ ಬೆರಳಿಡು."

"ಏನಮ್ಮಾ?"

"ಬೆರಳಿಡು ಅಂದೆ."

ಪ್ರಕೃತಿ ಇಟ್ಟಳು. ವಾರಿಜಾ ಅವಳ ಬೆರಳು ಹಿಡಿದು ಸೀಳಿನುದ್ದಕ್ಕೂ ಎಳೆದಳು. "ಒಡೆದಿದೆ ಇದು. ಮೂರು ವರ್ಷದ ಹಿಂದೇನೇ ಒಡೆದಿದೆ. ಇದನ್ನ ಹಾಕ್ಕೊಳೋದೂ ಒಂದೇ, ತಲೆ ಮೇಲೆ ಬಾಣಲೆ ಬೋರಲಾಕ್ಕೊಳೋದೂ ಒಂದೇ. ನಾಳೆ ಬೆಳಿಗ್ಗೆ ನನ್ನ ಜೊತೆ ಬಾ. ಹೊಸದು ತಗೊಳೋಣ."

"ಯಾರು ಹೇಳಿದ್ದು ನಿಂಗೆ? ಅಂಗಡಿಯವ್ನಾ?" ಸೇತುರಾಮ ಅಕ್ಕನ ಕಡೆ ತಿರುಗಿ ನಕ್ಕ. "ಮಾರೋನು ಹೇಳ್ದೆ ಇರ್ತಾನಾ? ಅಕ್ಕಾ, ಇದು ನನ್ನ ಜೀವ ಉಳಿಸಿದ್ದು ಅಂತ ನಿಂಗೆ ಗೊತ್ತಲ್ಲ? ಠಣ್ ಅಂತು ಡಿವೈಡರ್‌ಗೆ. ಎರಡು ನಾಯಿ..."

"ನಾಯಿ ಇರ್ಲಿಲ್ಲ," ಅಂದಳು ವಾರಿಜಾ.

ಸೇತುರಾಮನ ಬಾಯಿ ತೆರೆದೇ ಇತ್ತು.

"ಮೊಬೈಲ್ ಇತ್ತು. ಹೆಲ್ಮೆಟ್ ಒಳಗೆ. ನಿಲ್ಸಿ ಅಂತ ಎರಡು ಸಲ ಹೇಳ್ದೆ. ನಿಲ್ಲಿಸ್ಲಿಲ್ಲ."

"ನೀನ್ ಯಾವಾಗ ಹೇಳ್ದೆ?" ಅಂದಳು ಮಧುಮತಿ, ಹೂವಿನ ದಾರ ಕೈಯಲ್ಲೇ ಹಿಡಿದು. "ಫೋನಲ್ಲಾ?"

"ಹಿಂದಿನ ಸೀಟಲ್ಲಿ ಕೂತು ಹೇಳ್ದೆ ಅಕ್ಕಾ. ಅವತ್ತು ಗಾಡಿಲಿ ನಾನೂ ಇದ್ದೆ."

ವಾರಿಜಾ ಕೂದಲನ್ನು ಎಡಗೈಯಿಂದ ಮೇಲೆತ್ತಿ, ಕತ್ತು ತಿರುಗಿಸಿ, ಕಿವಿಯ ಹಿಂದಿನದನ್ನು ತೋರಿಸಿದಳು. ನೋಡಲು ಅದೇನೂ ದೊಡ್ಡ ಗಾಯವಲ್ಲ. ಒಂದು ಬಿಳಿಯ ಗೆರೆ, ಕೂದಲು ಬೆಳೆಯದ ಜಾಗ. "ಬಚ್ಚಲಲ್ಲಿ ಆಗಿದ್ದಲ್ಲ ಇದು. ಸಾರಕ್ಕೀಲಿ ಆಗಿದ್ದು. ನಾನು ಸುಳ್ಳು ಹೇಳಿದ್ದೆ. ಡಾಕ್ಟ್ರಿಗೂ ಹೇಳ್ದೆ, ನಿಮಗೂ ಹೇಳ್ದೆ, ಇವಳಿಗೂ ಹೇಳ್ದೆ."

"ಬಾತ್‌ರೂಮ್ ಅಂದ್ಯಲ್ಲಮ್ಮಾ," ಅಂದಳು ಪ್ರಕೃತಿ. ಧ್ವನಿ ಕೀರಲಾಗಿತ್ತು. "ಮ್ಯಾಟ್ ತಂದುಕೊಟ್ಟೆ ನಾನು. ಥ್ಯಾಂಕ್ಸ್ ಬೇರೆ ಹೇಳ್ದೆ ನೀನು."

"ಹೂಂ. ಹೇಳ್ದೆ."

"ಯಾಕೆ?"

"ನಿಮ್ಮಪ್ಪ ಹೇಳು ಅಂದ್ರು, ನಾನು ಹೇಳ್ದೆ. ಯಾಕೆ ಅಂತ ನಾನು ಕೇಳ್ಲಿಲ್ಲ. ನೀನಾದ್ರೂ ಈಗ ಕೇಳಿದ್ಯಲ್ಲ, ಒಳ್ಳೇದಾಯ್ತು."

"ಏಯ್!" ಸೇತುರಾಮ ಎದ್ದುನಿಂತಿದ್ದ. ಮುಖ ಕೆಂಪಗಾಗಿತ್ತು. "ಏನು ಮಾತಾಡ್ತಿದೀಯ ಅಂತ ಗೊತ್ತಿದ್ಯಾ ನಿಂಗೆ? ಅಕ್ಕನ ಎದುರಿಗೆ, ಮಗಳ ಎದುರಿಗೆ! ಪೊಲೀಸು ಗಿಲೀಸು ಅಂತ ನಿಂಗೇ ತೊಂದ್ರೆ ಆಗ್ಬಾರ್ದು ಅಂತ ಮಾಡಿದ್ದು ಕಣೇ ನಾನು. ಇಪ್ಪತ್ತು ದಿನ ಗಂಜಿ ಕಾಯ್ಸಿ ಕೊಟ್ಟಿಲ್ವಾ? ಅದು ನೆನಪಿಲ್ಲ, ಇದು ನೆನಪಿದೆ!"

"ಕೊಟ್ರಿ. ನೆನಪಿದೆ."

ನಿಜವಾಗಿಯೂ ಕಾಯಿಸಿ ಕೊಟ್ಟಿದ್ದ. ಉಪ್ಪು ಹೆಚ್ಚಾದ ಗಂಜಿ, ಮೂರು ಹೊತ್ತೂ. ಅದೇ ಇಪ್ಪತ್ತು ದಿನ, ನೋಡಲು ಬಂದವರಿಗೆಲ್ಲ ನಾಯಿಯ ಕಥೆ ಹೇಳಿದ್ದ, ಅವಳು ಪಕ್ಕದ ಕೋಣೆಯಲ್ಲಿ ತಿರುಗುವ ಸೂರನ್ನು ನೋಡುತ್ತ ಮಲಗಿದ್ದಾಗ.

"ಸೇತೂ," ಅಂದಳು ಮಧುಮತಿ. ಗಂಟಲು ಅವಳದೇ ಅನ್ನಿಸಲಿಲ್ಲ, ಅಷ್ಟು ಸಣ್ಣದಾಗಿತ್ತು. "ಹೌದೇನೋ?"

ಸೇತುರಾಮ ಕಿಟಕಿ ನೋಡಿದ. ಆಮೇಲೆ ಅವನ ಭುಜಗಳು ಇಳಿದವು, ಮುಖದ ಮೇಲೆ ಏನೋ ಒಂದು ದೊಡ್ಡತನ ಬಂದು ಕೂತಿತು. ಆ ಮುಖ ವಾರಿಜಾಳಿಗೆ ಚೆನ್ನಾಗಿ ಗೊತ್ತಿತ್ತು. ಜಗಳ ಸೋಲುವ ಹೊತ್ತಿಗೆ ಅವನು ಯಾವಾಗಲೂ ತಂದುಕೊಳ್ಳುವ ಮುಖ.

"ಆಯ್ತು," ಅಂದ. "ತಪ್ಪೆಲ್ಲ ನಂದೇ. ಪುಟ್ಟೀ, ನನ್ನ ಹೊಸ ಹೆಲ್ಮೆಟ್ಟು ನೀನು ಇಟ್ಕೋ. ಇದನ್ನ ನಾನೇ ಹಾಕ್ಕೋತೀನಿ. ಒಡೆದಿದ್ರೆ ಒಡೆದಿರ್ಲಿ. ನನ್ನ ತಲೆ ಏನಾದ್ರೂ ಆಗ್ಲಿ, ಯಾರಿಗೇನು?"

"ಅಯ್ಯೋ, ಬಿಡ್ತು ಅನ್ನೋ!" ಅಂದಳು ಮಧುಮತಿ.

"ಅಪ್ಪಾ, ಹಂಗೆಲ್ಲ ಯಾಕ್ ಮಾತಾಡ್ತೀಯಾ?" ಪ್ರಕೃತಿಯ ಕಣ್ಣು ತುಂಬಿತು. ಅಮ್ಮನ ಕಡೆ ತಿರುಗಿದಳು. "ಅಮ್ಮಾ, ಪ್ಲೀಸ್, ಬಿಟ್ಬಿಡು. ಅಪ್ಪಂಗೆ ಬೇಜಾರಾಗ್ತಿದೆ. ನಾನೇ ಇದನ್ನ ಹಾಕ್ಕೋತೀನಿ, ಬೇಕಾದ್ರೆ ಸ್ಲೋ ಆಗಿ ಓಡಿಸ್ತೀನಿ. ಹೆಂಗೋ..."

"ಅಡ್ಜಸ್ಟ್ ಮಾಡ್ಕೋತೀನಿ ಅಂದ್ರೆ ಕಪಾಳಕ್ಕೆ ಬಾರಿಸ್ತೀನಿ!"

ಆ ಕೂಗು ಮಹಡಿಯ ತನಕ ಕೇಳಿಸಿರಬೇಕು. ಮೇಲೆ ಯಾರೋ ಟಿ.ವಿ. ಸದ್ದು ಕಡಿಮೆ ಮಾಡಿದರು. ವಾರಿಜಾ ಮಗಳಿಗೆ ಇಪ್ಪತ್ತಮೂರು ವರ್ಷದಲ್ಲಿ ಒಂದು ಸಲವೂ ಹಾಗೆ ಕೂಗಿರಲಿಲ್ಲ. ಪ್ರಕೃತಿ ಸೋಫಾಕ್ಕೆ ಕುಸಿದಳು.

ವಾರಿಜಾ ಅಡುಗೆಮನೆಗೆ ಹೋದಳು. ಡ್ರಾಯರು ಎಳೆದ ಸದ್ದು, ಚಮಚಗಳು ಚೆಲ್ಲಾಡಿದ ಸದ್ದು ಹೊರಗಿನವರಿಗೆ ಕೇಳಿಸಿತು. ಬಂದಾಗ ಕೈಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ ಇತ್ತು. ಅವಳು ನೆಲದ ಮೇಲೆ ಕೂತಳು, ಹೆಲ್ಮೆಟ್ಟನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದಳು, ಗಲ್ಲದ ಬೆಲ್ಟನ್ನು ಎಳೆದು ಕತ್ತರಿಯ ಬಾಯಿಗೆ ಕೊಟ್ಟಳು.

"ಏನ್ ಮಾಡ್ತಿದೀಯ?" ಅಂದ ಸೇತುರಾಮ. ಈ ಸಲ ಧ್ವನಿಯಲ್ಲಿ ಹೆದರಿಕೆ ಇತ್ತು. "ವಾರಿಜಾ, ಪೂಜೆ ಮಾಡಿರೋ ವಸ್ತು ಕಣೇ ಅದು!"

"ಶೋಕೇಸಲ್ಲಿ ಇಟ್ಕೊಳಿ. ಹೂವು ಏರಿಸ್ಕೊಳಿ. ಇನ್ನು ಇದನ್ನ ಅವಳೂ ಹಾಕ್ಕೊಳಲ್ಲ, ನೀವೂ ಹಾಕ್ಕೊಳಲ್ಲ. ದೊಡ್ಡ ಮನಸ್ಸು ಮಾಡೋಕೆ ನಿಮಗೆ ಇದು ಸಿಗಲ್ಲ."

ಬೆಲ್ಟು ದಪ್ಪ ನೈಲಾನಿನದು. ಕತ್ತರಿ ಕಚ್ಚಿತು, ಜಾರಿತು, ಮತ್ತೆ ಕಚ್ಚಿತು. ನಾಲ್ಕು ಎಳೆ ಹರಿಯಿತು, ಉಳಿದದ್ದು ಹಾಗೇ ನಿಂತಿತು. ಹಿಡಿಯ ಪ್ಲಾಸ್ಟಿಕ್ಕು ಅವಳ ಹೆಬ್ಬೆರಳಿನ ಬುಡ ಕೊರೆಯಿತು. ಹಲ್ಲು ಕಚ್ಚಿ ಒತ್ತಿದಳು. ಹೆಲ್ಮೆಟ್ಟು ಮೊಣಕಾಲಿನ ನಡುವಿನಿಂದ ಪುಟಿದು ನೆಲಕ್ಕೆ ಉರುಳಿತು. ಎಳೆದು ತಂದಳು. ಮತ್ತೆ ಒತ್ತಿದಳು. ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಮಧುಮತಿ ಹೂವಿನ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ತಮ್ಮನ ಮುಖವನ್ನೇ ನೋಡುತ್ತಿದ್ದಳು. ತಮ್ಮ ನೋಡುತ್ತಿದ್ದದ್ದು ಕತ್ತರಿಯನ್ನು.

ಆಗ ಪ್ರಕೃತಿ ಸೋಫಾದಿಂದ ಇಳಿದು ಬಂದಳು. ಮೂಗು ಸೊರಸೊರ ಅನ್ನುತ್ತಿತ್ತು. ಅಮ್ಮನೆದುರು ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯಲ್ಲಿ ಹೆಲ್ಮೆಟ್ಟನ್ನು ನೆಲಕ್ಕೆ ಅದುಮಿದಳು, ಬಲಗೈಯಲ್ಲಿ ಬೆಲ್ಟಿನ ತುದಿ ಹಿಡಿದು ತನ್ನ ಕಡೆಗೆ ಜಗ್ಗಿದಳು. ಬ್ಲೇಡುಗಳ ನಡುವೆ ಬೆಲ್ಟು ತಂತಿಯಂತೆ ಬಿಗಿಯಾಯಿತು.

"ಪುಟ್ಟೀ," ಅಂದ ಸೇತುರಾಮ.

ಅವಳು ತಲೆ ಎತ್ತಲಿಲ್ಲ.

"ಇನ್ನೂ ಬಿಗಿ ಹಿಡಿ," ಅಂದಳು ವಾರಿಜಾ.

ಹಿಡಿದಳು. ಕತ್ತರಿ ಕೊನೆಗೂ ಪೂರ್ತಿ ಮುಚ್ಚಿಕೊಂಡಿತು. ಬೆಲ್ಟು ಹರಿದು ಪ್ರಕೃತಿಯ ಕೈಯಲ್ಲೇ ಉಳಿಯಿತು. ಅವಳು ಅದನ್ನು ಪಕ್ಕಕ್ಕೆ ಎಸೆದು, ಹೆಲ್ಮೆಟ್ಟನ್ನು ತಿರುಗಿಸಿ, ಇನ್ನೊಂದು ಬದಿಯ ಬೆಲ್ಟನ್ನು ಅಮ್ಮನ ಕಡೆ ಎಳೆದುಕೊಟ್ಟಳು.